ಸಂಧಿವಿಗ್ರಹಿ

ಪೂರ್ವಕಾಲದ ಕರ್ಣಾಟಕದ ಅರಸರ ಆಸ್ಥಾನಗಳಲ್ಲಿ ಸಂಧಿವಿಗ್ರಹಿ ಎಂಬ ಅಧಿಕಾರಿಯೊಬ್ಬನಿರುತ್ತಿದ್ದನು. ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದ ದುರ್ಗಸಿಂಹನು ಚಾಲುಕ್ಯ ಜಗದೇಕಮಲ್ಲನ ಬಳಿಯಲ್ಲಿ ಈ ಪದವಿಯನ್ನು ವಹಿಸಿದ್ದನೆಂಬುದು ಸಾಹಿತ್ಯವ್ಯಾಸಂಗಿಗಳೆಲ್ಲರೂ ಬಲ್ಲ ಸಂಗತಿ. ಸಂಧಿಯೆಂದರೆ ಕೂಡಿಕೆ, ವಿಗ್ರಹವೆಂದರೆ ಬೇರ್ಪಡುವಿಕೆ. ಕೂಡಿರುವುದನ್ನು ಬಲ್ಲವರು ಲೋಕದಲ್ಲಿ ಅನೇಕರುಂಟು. ಬೇರೆಯಾಗಿರುವುದನ್ನು ಬಲ್ಲವರೂ ಉಂಟು. ಯಾವ ಗಳಿಗೆಯಲ್ಲಿ ಕೂಡಬೇಕು, ಯಾವ ಗಳಿಗೆಯಲ್ಲಿ ಬೇರೆಯಾಗಬೇಕು ಎಂಬುದನ್ನು ಬಲ್ಲವರು ವಿರಳ. ಆದುದರಿಂದಲೇ ಅರಸರು ಆ ಒಂದು ಕೆಲಸಕ್ಕಾಗಿ ಬೇರೊಬ್ಬನನ್ನೇ ನಿಯಮಿಸುತ್ತಿದ್ದರೆಂದು ತೋರುತ್ತದೆ.

ಮಲೆನಾಡಿನ ಒಂದು ಊರಿನಲ್ಲಿ, ಹಳೆಯ ಡೀಸಲ್ ಜೀಪೊಂದರ ಬಾನೆಟ್ಟಿನ ಕೆಳಗೆ, ಮುಷ್ಟಿಯಷ್ಟು ಗಾತ್ರದ ಕಪ್ಪು ಡಬ್ಬಿಯೊಂದು ಇಂದಿಗೂ ಇದೆ. ಅದರ ಮೇಲೆ ಬಿಳಿಯ ಬಣ್ಣದ ಸೊಟ್ಟ ಅಕ್ಷರಗಳಲ್ಲಿ ‘ಸಂಧಿವಿಗ್ರಹಿ’ ಎಂದು ಬರೆದಿರುವುದು. ಅಂಗಡಿಯವರು ಅದನ್ನು ಬ್ಯಾಟರಿ ಐಸೊಲೇಟರ್ ರಿಲೇ ಎಂದು ಕರೆಯುತ್ತಾರೆ. ಹೆಸರನ್ನು ಬರೆದವರು ಆ ಜೀಪಿನ ಒಡೆಯರಾದ ಪಶುವೈದ್ಯರು. ಒಂದು ಯಂತ್ರದ ತುಣುಕಿಗೆ ಇಷ್ಟು ಗೌರವದ ಬಿರುದನ್ನು ಕೊಡಲು ಅವರಿಗೆ ಕಾರಣವಿದ್ದಿತು.

ಡಾಕ್ಟರರು ೨೦೧೩ರಲ್ಲಿ ಸರಕಾರದ ಸೇವೆಯಿಂದ ನಿವೃತ್ತರಾದರು. ನಿವೃತ್ತಿಯ ತರುವಾಯ ಅವರು ಮನೆಯ ಜಗುಲಿಯಲ್ಲಿ ಕುಳಿತವರಲ್ಲ. ರಸ್ತೆಯ ಕೊನೆಯಿಂದಾಚೆಗೆ, ಹಳ್ಳ ದಿಣ್ಣೆಗಳ ನಡುವೆ, ನಾಲ್ಕು ಮನೆ ಐದು ಮನೆಗಳಾಗಿ ಹರಡಿಕೊಂಡಿರುವ ಕೊಪ್ಪಲುಗಳ ದನಕರುಗಳಿಗೆ ಮಳೆಗಾಲಕ್ಕೆ ಮುಂಚೆ ಗಳಲೆ ರೋಗದ ಲಸಿಕೆ, ಚಪ್ಪೆರೋಗದ ಲಸಿಕೆ ತಪ್ಪದೆ ದೊರೆಯಬೇಕೆಂಬುದು ಅವರ ಹಟ. ಅಂತಹ ಲಸಿಕೆಗಳನ್ನು ೨ರಿಂದ ೮ ಡಿಗ್ರಿ ಸೆಂಟಿಗ್ರೇಡಿನ ಒಳಗೆ ಇಡಬೇಕು. ಬಿಸಿಯಾದರೂ ಕೆಡುವುವು, ಹೆಪ್ಪುಗಟ್ಟಿದರೂ ಕೆಡುವುವು. ಅದಕ್ಕಾಗಿ ಅವರು ಜೀಪಿನ ಹಿಂಭಾಗದಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಶೀತಕಪೆಟ್ಟಿಗೆಯೊಂದನ್ನು ಇರಿಸಿಕೊಂಡಿದ್ದರು. ಹಗಲು ಜೀಪು ಓಡುವಾಗ ಅದು ಎಂಜಿನ್ನಿನ ದಯೆಯಿಂದ ನಡೆಯುತ್ತಿತ್ತು. ರಾತ್ರಿ ಯಾವುದಾದರೂ ಮನೆಯಂಗಳದಲ್ಲಿ ತಂಗಿದಾಗ ಬ್ಯಾಟರಿಯ ದಯೆಯಿಂದ ನಡೆಯುತ್ತಿತ್ತು. ಬ್ಯಾಟರಿಯ ದಯೆಗೂ ಒಂದು ಮಿತಿಯಿದೆಯೆಂಬುದನ್ನು ಡಾಕ್ಟರರು ಅರಿತುಕೊಂಡುದು ೨೦೧೬ನೆಯ ಇಸವಿಯ ಮೇ ತಿಂಗಳಿನಲ್ಲಿ.

ಅದನ್ನು ಹೇಳುವುದಕ್ಕೆ ಮುಂಚೆ ಬ್ಯಾಟರಿಯ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ವಿದ್ಯುತ್ತನ್ನು ತುಂಬಿ ಮತ್ತೆ ಪಡೆಯಬಹುದೆಂದು ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು ೧೮೫೯ರಲ್ಲಿ ತೋರಿಸಿದನು. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಮೊಟಾರಿಗೆ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದಿತು; ಕೈಯಿಂದ ತಿರುಗಿಸುವ ಹಿಡಿಯ ಕಷ್ಟ ಕ್ರಮೇಣ ತಪ್ಪಿತು. ಅಂದಿನಿಂದ ಒಂದೇ ಬ್ಯಾಟರಿಯ ಮೇಲೆ ಎರಡು ಹೊರೆ ಬಿದ್ದಿತು: ಎಂಜಿನ್ನನ್ನು ಎಬ್ಬಿಸುವುದು ಒಂದು, ದೀಪ ಮೊದಲಾದುವನ್ನು ನಡೆಸುವುದು ಮತ್ತೊಂದು. ಈ ಎರಡು ಕೆಲಸಗಳ ಗುಣ ಬೇರೆ ಬೇರೆ. ಡೀಸಲ್ ಎಂಜಿನ್ನನ್ನು ಎಬ್ಬಿಸಲು ೨೫೦ ಆಂಪಿಯರಿನಷ್ಟು ಪ್ರವಾಹ ಮೂರು ಸೆಕೆಂಡಿನ ಕಾಲ ಹರಿಯಿತೆನ್ನಿ. ಲೆಕ್ಕ ಹಾಕಿದರೆ ಖರ್ಚಾದುದು ಒಂದು ಆಂಪಿಯರ್-ಗಂಟೆಯ ಐದನೆಯ ಒಂದು ಪಾಲು ಮಾತ್ರ. ಶೀತಕಪೆಟ್ಟಿಗೆಯೂ ಒಂದು ದೀಪವೂ ಸೇರಿ ಸರಾಸರಿ ೩ ಆಂಪಿಯರಿನಂತೆ ಹನ್ನೆರಡು ಗಂಟೆ ನಡೆದರೆ ಖರ್ಚು ೩೬ ಆಂಪಿಯರ್-ಗಂಟೆ. ಮೊದಲನೆಯದು ಅಬ್ಬರಿಸಿ ಕೇಳುವುದು, ಆದರೆ ಅಲ್ಪವನ್ನು ಒಯ್ಯುವುದು. ಎರಡನೆಯದು ಪಿಸುಮಾತಿನಲ್ಲಿ ಕೇಳುವುದು, ಮನೆಯನ್ನೇ ಬರಿದು ಮಾಡುವುದು. ಸಂಸಾರಸ್ಥರಿಗೆ ಈ ಲೆಕ್ಕ ಹೊಸದಲ್ಲ.

ಮೇ ತಿಂಗಳ ಆ ರಾತ್ರಿ ಡಾಕ್ಟರರು ಘಟ್ಟದ ಅಂಚಿನ ಒಂದು ಮನೆಯಲ್ಲಿ ತಂಗಿದ್ದರು. ಅವರ ಜೀಪಿನಲ್ಲಿದ್ದುದು ೬೦ ಆಂಪಿಯರ್-ಗಂಟೆಯ, ಮೂರು ವರ್ಷ ಹಳೆಯ ಬ್ಯಾಟರಿ. ವೋಲ್ಟು ಇಳಿದಾಗ ತಾನಾಗಿ ನಿಲ್ಲುವ ಏರ್ಪಾಡು ಶೀತಕಪೆಟ್ಟಿಗೆಯಲ್ಲಿ ಇದ್ದಿತು. ಆದರೆ ಮರುದಿನದ ಲಸಿಕೆ ಕೆಟ್ಟೀತೆಂಬ ಭಯದಿಂದ ಡಾಕ್ಟರರೇ ಅದನ್ನು ತೀರ ಕೆಳಗಿನ ಮಿತಿಗೆ ತಿರುಗಿಸಿದ್ದರು. ನಸುಕಿನ ನಾಲ್ಕು ಗಂಟೆಗೆ ಕೆಳಗಿನ ಮನೆಯಿಂದ ಕೂಗು ಕೇಳಿಸಿತು. ಹನ್ನೆರಡು ವರ್ಷದ ಹುಡುಗನೊಬ್ಬನು ಕೊಟ್ಟಿಗೆಗೆ ಹೋದಾಗ ಬಲಗೈಗೆ ಹಾವು ಕಚ್ಚಿದ್ದಿತು. ದೀಪ ತಂದು ನೋಡಿದರೆ ಕೊಳಕುಮಂಡಲ. ತಾಲ್ಲೂಕಿನ ಆಸ್ಪತ್ರೆ ಅಲ್ಲಿಗೆ ಸುಮಾರು ೩೮ ಕಿಲೋಮೀಟರು. ಆ ಕೊಪ್ಪಲಿನಲ್ಲಿ ಇದ್ದುದು ಒಂದೇ ವಾಹನ, ಡಾಕ್ಟರರ ಜೀಪು.

ಕೀಲಿಯನ್ನು ತಿರುಗಿಸಿದಾಗ ಜೀಪು ‘ಟಿಕ್ ಟಿಕ್’ ಎಂದಿತು, ಅಷ್ಟೇ. ಹಿಂದುಗಡೆ ಶೀತಕಪೆಟ್ಟಿಗೆಯ ಹಸುರು ದೀಪ ಮಾತ್ರ ಇನ್ನೂ ಉರಿಯುತ್ತಿದ್ದಿತು. ಜೀಪನ್ನು ಇಳಿಜಾರಿನಲ್ಲಿ ಉರುಳಿಸಿ ಎಬ್ಬಿಸಬಹುದಾಗಿತ್ತು. ಆದರೆ ಅದು ನಿಂತಿದ್ದ ಅಂಗಳ ರಸ್ತೆಗಿಂತ ಕೆಳಗೆ. ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಹೆಗಲು ಕೊಟ್ಟು, ಚಕ್ರಕ್ಕೆ ಕಲ್ಲು ಕೊಡುತ್ತ, ಅದನ್ನು ಮೇಲಕ್ಕೆ ತಂದು ಉರುಳಿಸುವುದರೊಳಗೆ ನಲವತ್ತು ನಿಮಿಷಗಳಾದುವು. ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧವಿದ್ದಿತು. ಹುಡುಗ ಬದುಕಿದನು. ಆದರೆ ವಿಷದಿಂದ ಕೊಳೆತ ತೋರುಬೆರಳೊಂದನ್ನು ವೈದ್ಯರು ತೆಗೆಯಬೇಕಾಯಿತು.

ಆ ನಲವತ್ತು ನಿಮಿಷ ಮೊದಲೇ ಬಂದಿದ್ದರೆ ಬೆರಳು ಉಳಿಯುತ್ತಿದ್ದಿತೇ ಎಂದು ಡಾಕ್ಟರರು ಆಸ್ಪತ್ರೆಯ ವೈದ್ಯರನ್ನು ಕೇಳಲಿಲ್ಲ, ವೈದ್ಯರೂ ಹೇಳಲಿಲ್ಲ. ಹುಡುಗನ ತಂದೆಯಂತೂ ಕೈಮುಗಿದು, ‘ನೀವು ಇದ್ದಿರಿ, ಮಗ ಉಳಿದ’ ಎಂದನು. ಆ ಮಾತು ಡಾಕ್ಟರರಿಗೆ ಬೈಗುಳಿಗಿಂತ ಹೆಚ್ಚಾಗಿ ತಾಗಿತು. ದನಗಳ ಔಷಧವನ್ನು ಉಳಿಸಲೆಂದು ತಾವೇ ತಿರುಗಿಸಿದ ಆ ಪುಟ್ಟ ಗುಂಡಿ ಅವರ ಕಣ್ಣ ಮುಂದೆಯೇ ನಿಂತಿದ್ದಿತು.

ಊರಿಗೆ ಹಿಂದಿರುಗಿದೊಡನೆ ಅವರು ಪೇಟೆಯ ಒಂದು ಅಂಗಡಿಗೆ ಹೋಗಿ ಎರಡನೆಯ ಬ್ಯಾಟರಿಯೊಂದನ್ನು ಹಾಕಿಸಿದರು. ಅಂಗಡಿಯಾತನು ಎರಡರ ಧನಧ್ರುವಗಳನ್ನೂ ಋಣಧ್ರುವಗಳನ್ನೂ ತಂತಿಯಿಂದ ಶಾಶ್ವತವಾಗಿ ಜೋಡಿಸಿ, ‘ಒಂದಿದ್ದಲ್ಲಿ ಎರಡಾಯಿತು, ಇನ್ನು ಚಿಂತೆಯಿಲ್ಲ’ ಎಂದು ಕಳುಹಿಸಿದನು. ಡಾಕ್ಟರರಿಗೂ ಹಾಗೆಯೇ ತೋರಿತು. ಆದರೆ ಸದಾ ಕೂಡಿಕೊಂಡಿರುವ ಎರಡು ಬ್ಯಾಟರಿಗಳು ಎರಡಲ್ಲ, ದೊಡ್ಡದಾದ ಒಂದು. ಮೊದಲು ಒಂದೇ ರಾತ್ರಿಗೆ ಬರಿದಾಗುತ್ತಿದ್ದುದು ಈಗ ಎರಡು ರಾತ್ರಿಗೆ ಬರಿದಾಗುವುದು, ಅಷ್ಟೇ ವ್ಯತ್ಯಾಸ. ಮೇಲಾಗಿ, ಹಳೆಯದೂ ಹೊಸದೂ ಜತೆಗೂಡಿದಾಗ, ಹಳೆಯದರ ಸೋರಿಕೆಯನ್ನು ತುಂಬುವುದರಲ್ಲಿಯೇ ಹೊಸದರ ಬಲ ಕುಗ್ಗುವುದು. ೨೦೧೭ರ ಜನವರಿಯಲ್ಲಿ, ಎರಡು ರಾತ್ರಿ ಒಂದೇ ಕಡೆ ನಿಂತ ಜೀಪು ಮೂರನೆಯ ಬೆಳಗ್ಗೆ ಮತ್ತೆ ‘ಟಿಕ್ ಟಿಕ್’ ಎಂದಿತು. ಆ ದಿನ ಯಾರಿಗೂ ಅಪಾಯವಿರಲಿಲ್ಲ. ಆದರೂ ಡಾಕ್ಟರರ ಕೈ ನಡುಗಿತು.

ಅವರ ಮನೆಯಾಕೆ ಯಂತ್ರಶಾಸ್ತ್ರವನ್ನು ಓದಿದವರಲ್ಲ. ಬತ್ತದ ಗದ್ದೆಯ ಮನೆಯಿಂದ ಬಂದವರು. ವೃತ್ತಾಂತವನ್ನು ಕೇಳಿ ಅವರು ನಕ್ಕು ಹೇಳಿದರು: ‘ಬಿತ್ತದ ಬತ್ತವನ್ನೂ ಉಣ್ಣುವ ಬತ್ತವನ್ನೂ ಒಂದೇ ಕಣಜಕ್ಕೆ ಸುರಿದರೆ ಬಿತ್ತನೆಯ ಹೊತ್ತಿಗೆ ಏನು ಉಳಿದೀತು? ಬಿತ್ತದ ಮುಡಿ ಅಟ್ಟದ ಮೇಲೆ ಬೇರೆಯಾಗಿಯೇ ಇರಬೇಕು.’ ಮಾತು ಸರಿಯೆಂದು ಡಾಕ್ಟರರು ಮತ್ತೆ ಅಂಗಡಿಗೆ ಹೋಗಿ ಎರಡು ಬ್ಯಾಟರಿಗಳ ನಡುವೆ ಕೈಯಿಂದ ತಿರುಗಿಸುವ ಸ್ವಿಚ್ಚೊಂದನ್ನು ಹಾಕಿಸಿದರು. ಮುಂದಿನದು ಎಂಜಿನ್ನಿಗೆ, ಹಿಂದಿನದು ಶೀತಕಪೆಟ್ಟಿಗೆಗೆ. ಓಡುವಾಗ ಸ್ವಿಚ್ಚನ್ನು ಕೂಡಿಸಬೇಕು, ನಿಂತಾಗ ಬಿಡಿಸಬೇಕು.

ಮನುಷ್ಯನ ನೆನಪಿನ ಮೇಲೆ ನಿಂತ ಏರ್ಪಾಡಿನ ಗತಿ ಏನಾಗುವುದೆಂಬುದನ್ನು ವಾಚಕರು ಊಹಿಸಬಹುದು. ಕೂಡಿಸಿದ್ದನ್ನು ಬಿಡಿಸಲು ಮರೆತೇವೆಂಬ ಭಯ ಡಾಕ್ಟರರಿಗೆ ಎಷ್ಟಿತ್ತೆಂದರೆ, ಅವರು ಬಿಡಿಸಿದುದನ್ನು ಕೂಡಿಸಲು ಮರೆಯತೊಡಗಿದರು. ೨೦೧೭ರ ಮೇ ತಿಂಗಳಿನಲ್ಲಿ ಮೂರು ದಿನ ಜೀಪು ಗುಡ್ಡಗುಡ್ಡ ಅಲೆಯಿತು; ಎಂಜಿನ್ನು ಮುಂದಿನ ಬ್ಯಾಟರಿಯನ್ನು ಹೊಟ್ಟೆ ತುಂಬ ಉಣಿಸಿತು; ಹಿಂದಿನದಕ್ಕೆ ಒಂದು ಹನಿಯೂ ಹೋಗಲಿಲ್ಲ. ನಾಲ್ಕನೆಯ ಬೆಳಗ್ಗೆ ಜೀಪು ಒಂದೇ ತಿರುವಿಗೆ ಎದ್ದಿತು. ಆದರೆ ಶೀತಕಪೆಟ್ಟಿಗೆಯೊಳಗೆ ಮಾಪಕ ೨೬ ಡಿಗ್ರಿಯನ್ನು ತೋರಿಸುತ್ತಿದ್ದಿತು. ಮುನ್ನೂರು ದನಗಳಿಗೆಂದು ತಂದಿದ್ದ ಲಸಿಕೆಯನ್ನು ಡಾಕ್ಟರರು ತಮ್ಮ ಕೈಯಿಂದಲೇ ಗುಂಡಿ ತೋಡಿ ಹೂಳಿದರು.

ಸದಾ ಸಂಧಿಯಿಂದ ಒಂದು ಕೇಡು, ಸದಾ ವಿಗ್ರಹದಿಂದ ಮತ್ತೊಂದು. ಈ ಸಾರಿ ಮನೆಯಾಕೆ ನಗಲಿಲ್ಲ. ‘ಬಿತ್ತವನ್ನು ಬೇರೆಯಿಡಿ ಎಂದೆನೇ ಹೊರತು ಕಣಜಕ್ಕೆ ಬೀಗ ಹಾಕಿ ಎನ್ನಲಿಲ್ಲ. ಕಣದಲ್ಲಿ ಬೆಳೆ ಬಂದಾಗ ಮೊದಲು ಬಿತ್ತದ ಮುಡಿ ಕಟ್ಟುತ್ತಾರೆ; ಅದು ತುಂಬಿದ ಮೇಲೆ ಉಳಿದುದು ಕಣಜಕ್ಕೆ ಹೋಗುತ್ತದೆ. ಒಕ್ಕಲು ಮುಗಿದ ಮೇಲೆ ಮುಡಿಯನ್ನು ಯಾರೂ ಮುಟ್ಟುವುದಿಲ್ಲ. ಇಷ್ಟನ್ನು ತಿಳಿದುಕೊಂಡು ನಡೆಸುವ ಒಂದು ಯಂತ್ರ ನಿಮ್ಮ ಲೋಕದಲ್ಲಿ ಇಲ್ಲವೆ?’ ಎಂದು ಕೇಳಿದರು.

ಆ ಯಂತ್ರ ಇದ್ದೇ ಇದ್ದಿತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಲಾರಿಗಳ ವಿದ್ಯುತ್ ಕೆಲಸವನ್ನೇ ಜೀವಮಾನವೆಲ್ಲ ಮಾಡಿಕೊಂಡು ಬಂದಿದ್ದ ಮುದುಕ ಮಿಸ್ತ್ರಿಯೊಬ್ಬರಿದ್ದರು. ಡಾಕ್ಟರರು ಒಂದು ಮಧ್ಯಾಹ್ನವೆಲ್ಲ ಅವರ ಎದುರಿಗೆ ಡಬ್ಬದ ಮೇಲೆ ಕುಳಿತು ತಮ್ಮ ಕಥೆಯನ್ನು ಹೇಳಿದರು. ಮಿಸ್ತ್ರಿಯು ಕೊನೆಯವರೆಗೂ ಕೇಳಿ, ‘ನಿಮಗೆ ಬೇಕಾದುದು ಮೂರನೆಯ ಬ್ಯಾಟರಿಯಲ್ಲ, ಬಾಗಿಲು ಕಾಯುವವನು’ ಎಂದು ಒಂದು ರಿಲೇಯನ್ನು ಬಿಚ್ಚಿ ತೋರಿಸಿದರು.

ರಿಲೇಯ ತತ್ತ್ವ ಸರಳವಾದುದು. ಕಬ್ಬಿಣದ ತುಂಡಿನ ಸುತ್ತಲೂ ತಂತಿಯ ಸುರುಳಿ. ಸುರುಳಿಯಲ್ಲಿ ಅಲ್ಪಪ್ರವಾಹ ಹರಿದಾಗ ಕಬ್ಬಿಣ ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಸೆಳೆಯುವುದು. ಪಟ್ಟಿಯು ಎರಡು ದಪ್ಪ ತಾಮ್ರದ ತುದಿಗಳನ್ನು ಕೂಡಿಸುವುದು. ಆ ದಾರಿಯಲ್ಲಿ ಮಹಾಪ್ರವಾಹ ಹರಿಯುವುದು. ಸುರುಳಿಯ ಪ್ರವಾಹ ನಿಂತರೆ ಪಟ್ಟಿ ಹಿಂದಕ್ಕೆ ಚಿಮ್ಮಿ ದಾರಿ ಕಡಿಯುವುದು. ಅಯಸ್ಕಾಂತದ ಈ ಉಪಾಯವನ್ನು ಅಮೆರಿಕದ ಜೋಸೆಫ್ ಹೆನ್ರಿ ಎಂಬ ಪಂಡಿತನು ೧೮೩೫ರ ಸುಮಾರಿನಲ್ಲಿಯೇ ತನ್ನ ಪಾಠಶಾಲೆಯಲ್ಲಿ ತೋರಿಸಿದ್ದನು. ದೂರದಿಂದ ಬಂದ ಕ್ಷೀಣವಾದ ತಂತಿಯ ಸುದ್ದಿಗೆ ಹೊಸ ಬಲ ಕೊಟ್ಟು ಮುಂದಕ್ಕೆ ಕಳುಹಿಸುವ ಕೆಲಸದಲ್ಲಿ ಅದು ಮೊದಲು ಬಳಕೆಗೆ ಬಂದಿತು.

ಆದರೆ ಬಾಗಿಲು ಕಾಯುವವನಿಗೆ ‘ತೆರೆ’ ಎಂದು ಹೇಳುವವರಾರು? ಎಲ್ಲ ಗುಟ್ಟೂ ಅಲ್ಲಿದೆ. ಕಡಿಮೆ ಬೆಲೆಯ ಏರ್ಪಾಡಿನಲ್ಲಿ ಸುರುಳಿಯನ್ನು ಜೀಪಿನ ಕೀಲಿಗೆ ಜೋಡಿಸುವರು. ಡಾಕ್ಟರರು ಮೊದಲು ಅದನ್ನೇ ಹಾಕಿಸಿದರು. ಕೀಲಿ ತಿರುಗಿದರೆ ಸಂಧಿ, ಕೀಲಿ ತೆಗೆದರೆ ವಿಗ್ರಹ, ಮರೆವಿನ ಭಯವಿಲ್ಲ. ಆದರೆ ಕೀಲಿ ತಿರುಗಿದ ಕ್ಷಣದಲ್ಲಿ ಎಂಜಿನ್ನು ಇನ್ನೂ ಎದ್ದಿರುವುದಿಲ್ಲವಷ್ಟೆ. ರಾತ್ರಿಯೆಲ್ಲ ದುಡಿದು ಬಳಲಿದ ಹಿಂದಿನ ಬ್ಯಾಟರಿಯು ಆ ಕ್ಷಣದಲ್ಲಿಯೇ ಮುಂದಿನದಕ್ಕೆ ಜೋತುಬೀಳುವುದು; ಸ್ಟಾರ್ಟರಿನ ಮಹಾಪ್ರವಾಹದಲ್ಲಿ ಒಂದು ಪಾಲು, ಅದಕ್ಕೆಂದು ಮಾಡದ ತೆಳುತಂತಿಯ ಮೂಲಕ ನುಗ್ಗುವುದು. ಮೂರು ವಾರಗಳಲ್ಲಿ ತಂತಿಯ ಹೊದಿಕೆ ಕರಗಿ ಸುಟ್ಟ ವಾಸನೆ ಬಂದಿತು. ಮಿಸ್ತ್ರಿಯು ತಮ್ಮ ಹಣೆಯನ್ನು ತಾವೇ ಬಡಿದುಕೊಂಡು, ‘ಅಗ್ಗದ ದಾರಿ ನಾನೇ ಹಿಡಿಸಿದೆ’ ಎಂದು ಒಪ್ಪಿಕೊಂಡು, ಎರಡನೆಯ ಬಗೆಯ ರಿಲೇಯನ್ನು ತರಿಸಿದರು. ಇದು ಕೀಲಿಯ ಮಾತನ್ನು ಕೇಳುವುದಿಲ್ಲ. ವೋಲ್ಟಿನ ಮಾತನ್ನು ಮಾತ್ರ ಕೇಳುವುದು.

ಸೀಸದ ಬ್ಯಾಟರಿಯಲ್ಲಿ ಆರು ಕೋಶಗಳುಂಟು. ಪೂರ್ಣವಾಗಿ ತುಂಬಿ ವಿಶ್ರಾಂತಿಯಲ್ಲಿರುವಾಗ ಒಟ್ಟು ಸುಮಾರು ೧೨.೭ ವೋಲ್ಟು ತೋರುವುದು. ಅರ್ಧ ಬರಿದಾದಾಗ ೧೨.೨ರ ಸುಮಾರು. ಎಂಜಿನ್ನು ಎದ್ದು ಆಲ್ಟರ್ನೇಟರು ತಿರುಗತೊಡಗಿದಾಗ ಮಾತ್ರ ಅಂಕಿ ೧೪ರ ಆಚೀಚೆಗೆ ಏರುವುದು. ಆದುದರಿಂದ ೧೩ನ್ನು ಮೀರಿದ ಅಂಕಿ ಕಂಡಿತೆಂದರೆ ಹೊರಗಿನಿಂದ ಆದಾಯ ಬರುತ್ತಿದೆಯೆಂದೇ ಅರ್ಥ. ಈ ಬಗೆಯ ರಿಲೇ ಸಾಮಾನ್ಯವಾಗಿ ಮುಂದಿನ ಬ್ಯಾಟರಿ ೧೩.೩ ವೋಲ್ಟನ್ನು ಮುಟ್ಟುವವರೆಗೆ ಸುಮ್ಮನೆ ಕಾಯುವುದು. ಎಂಜಿನ್ನು ಎದ್ದಾಯಿತು, ಮುಂದಿನದು ತಾನು ಕೊಟ್ಟ ಅಲ್ಪವನ್ನು ಮರಳಿ ಪಡೆಯಿತು, ಅಂಕಿ ಏರಿತು. ಆಗ ‘ಟಕ್’ ಎಂದು ಬಾಗಿಲು ತೆರೆದು ಹಿಂದಿನದಕ್ಕೂ ಪಾಲು ಹೋಗುವುದು. ಮೊದಲು ಬಿತ್ತದ ಮುಡಿ, ಆಮೇಲೆ ಕಣಜ.

ಎಂಜಿನ್ನು ನಿಂತಾಗ ಅಂಕಿ ಮೆಲ್ಲನೆ ಇಳಿಯುವುದು. ಅದು ೧೨.೮ಕ್ಕೆ ಬಂದಾಗ ರಿಲೇ ಬಾಗಿಲನ್ನು ಮುಚ್ಚುವುದು. ತುಂಬಿದ ಬ್ಯಾಟರಿಯ ವಿಶ್ರಾಂತಿಯ ಅಂಕಿ ೧೨.೭ ಎಂದು ಹೇಳಿದೆಯಷ್ಟೆ. ಅದಕ್ಕಿಂತ ಕೂದಲೆಳೆಯಷ್ಟು ಮೇಲೆಯೇ ಬಾಗಿಲು ಮುಚ್ಚುವುದರಿಂದ ಮುಂದಿನದರ ಮೂಲಧನಕ್ಕೆ ಕೈ ಹಾಕಲು ಯಾರಿಗೂ ಅವಕಾಶವಿಲ್ಲ. ಹಂಚಿಕೆಯಾಗುವುದು ಆದಾಯ ಮಾತ್ರ. ತೆರೆಯುವ ಅಂಕಿಯೂ ಮುಚ್ಚುವ ಅಂಕಿಯೂ ಒಂದೇ ಏಕಿರಬಾರದೆಂದು ಡಾಕ್ಟರರು ಕೇಳಿದರು. ಮಿಸ್ತ್ರಿಯ ಉತ್ತರ ಹೀಗಿತ್ತು: ಹಸಿದ ಹಿಂದಿನ ಬ್ಯಾಟರಿಗೆ ಬಾಗಿಲು ತೆರೆದೊಡನೆ ಅದು ಬಾಚಿಕೊಳ್ಳುವುದರಿಂದ ಅಂಕಿ ಸ್ವಲ್ಪ ಕುಸಿಯುವುದು ಸಹಜ. ಕುಸಿದೊಡನೆ ಮುಚ್ಚಿ, ಮುಚ್ಚಿದೊಡನೆ ಏರಿ, ಏರಿದೊಡನೆ ತೆರೆದು, ಹೀಗೆ ಗಳಿಗೆಗೆ ನೂರು ಬಾರಿ ಬಡಿದುಕೊಂಡರೆ ತಾಮ್ರದ ತುದಿಗಳು ಸುಟ್ಟುಹೋಗುವುವು. ಕೊಟ್ಟ ಮಾತನ್ನು ಕೊಂಚ ನಷ್ಟವಾದರೂ ಸಹಿಸಿ ನಡೆಸುವ ತಾಳ್ಮೆ ಬೇಕು. ನಡುವಣ ಆ ಅರ್ಧ ವೋಲ್ಟು ತಾಳ್ಮೆಯ ಅಂಕಿ. ಪ್ರೌಢಶಾಲೆಯಲ್ಲಿ ಹಳಗನ್ನಡದ ಪಾಠಗಳನ್ನು ಓದಿದ್ದ ಡಾಕ್ಟರರಿಗೆ ದುರ್ಗಸಿಂಹನ ಪದವಿಯ ಹೆಸರು ನೆನಪಿಗೆ ಬಂದುದು ಆ ಗಳಿಗೆಯಲ್ಲಿಯೇ. ಅಲ್ಲಿಯೇ ಇದ್ದ ಬಣ್ಣದ ಡಬ್ಬಿಗೆ ಕಡ್ಡಿಯನ್ನು ಅದ್ದಿ ಅವರು ಆ ಹೆಸರನ್ನು ಬರೆದರು.

ಮಂತ್ರಿ ಎಷ್ಟು ಜಾಣನಾದರೂ ದಾರಿ ಇಕ್ಕಟ್ಟಾದರೆ ಧಾನ್ಯ ತಲುಪದು. ಮಿಸ್ತ್ರಿಯು ಸುಟ್ಟ ತೆಳುತಂತಿಯನ್ನು ಎಸೆದು ಲೆಕ್ಕವನ್ನು ತೋರಿಸಿದರು. ಮುಂದಿನ ಬ್ಯಾಟರಿಯಿಂದ ಹಿಂದಿನದಕ್ಕೆ ಹೋಗುವ ದಾರಿ ೪ ಮೀಟರು, ಬರುವ ದಾರಿ ೪ ಮೀಟರು. ಅಡ್ಡಕೊಯ್ತ ೪ ಚದರ ಮಿಲಿಮೀಟರು ಇರುವ ತಾಮ್ರದ ತಂತಿಯಾದರೆ, ೩೦ ಆಂಪಿಯರು ಹರಿಯುವಾಗ ಸುಮಾರು ೧ ವೋಲ್ಟು ದಾರಿಯಲ್ಲಿಯೇ ಸೋರಿಹೋಗುವುದು, ಎಂಜಿನ್ನು ೧೪.೨ ಕೊಟ್ಟರೂ ಹಿಂದಿನದಕ್ಕೆ ಸಿಕ್ಕುವುದು ೧೩.೨. ಅಡ್ಡಕೊಯ್ತ ೨೫ ಚದರ ಮಿಲಿಮೀಟರು ಇದ್ದರೆ ಸೋರಿಕೆ ವೋಲ್ಟಿನ ಆರನೆಯ ಒಂದು ಪಾಲಿಗೆ ಇಳಿಯುವುದು. ದಪ್ಪ ತಂತಿಯ ಎರಡು ತುದಿಗಳಲ್ಲಿಯೂ, ಒಂದೊಂದು ಬ್ಯಾಟರಿಯ ಮಗ್ಗುಲಿಗೇ, ಒಂದೊಂದು ಫ್ಯೂಸು ಇರಬೇಕೆಂಬುದು ಮಿಸ್ತ್ರಿಯ ಕಟ್ಟಾಜ್ಞೆ. ಒಂದು ಸಾಲದೆ ಎಂದರೆ ಸಾಲದು. ಈ ತಂತಿಗೆ ಎರಡು ಕಡೆಯೂ ತವರು. ನಡುವೆ ಎಲ್ಲಿಯಾದರೂ ಹೊದಿಕೆ ಹರಿದು ಕಬ್ಬಿಣಕ್ಕೆ ತಗುಲಿದರೆ ಎರಡು ಬ್ಯಾಟರಿಗಳೂ ತಮ್ಮ ತಮ್ಮ ಕಡೆಯಿಂದ ಬೆಂಕಿಯನ್ನು ಕಳುಹಿಸಬಲ್ಲುವು. ಒಂದನ್ನು ತಡೆದು ಇನ್ನೊಂದನ್ನು ಬಿಟ್ಟರೆ ಜೀಪು ಸುಟ್ಟಂತೆಯೇ. ಹಿಂದಿನದಕ್ಕೆ ದಪ್ಪ ಫಲಕಗಳ, ಮೆಲ್ಲಮೆಲ್ಲನೆ ಕೊಟ್ಟು ಬಾಳುವ ಜಾತಿಯ ಬ್ಯಾಟರಿಯನ್ನೂ ಅವರೇ ಆರಿಸಿಕೊಟ್ಟರು. ಎಂಜಿನ್ನು ಎಬ್ಬಿಸುವ ಜಾತಿಯದಕ್ಕೆ ಫಲಕಗಳು ತೆಳು. ಅದನ್ನು ಪದೇ ಪದೇ ಬರಿದುಮಾಡಿದರೆ ಸವೆದುಹೋಗುವುದು.

೨೦೧೮ರ ಆಗಸ್ಟಿನ ಮಹಾಮಳೆಯಲ್ಲಿ ರಸ್ತೆಗೆ ಗುಡ್ಡ ಕುಸಿದು ಜೀಪು ಒಂದು ಕೊಪ್ಪಲಿನಲ್ಲಿ ಎರಡು ಹಗಲು ಮೂರು ರಾತ್ರಿ ನಿಲ್ಲಬೇಕಾಯಿತು. ಸೂರ್ಯನ ಮುಖ ಕಾಣಲಿಲ್ಲ, ಕರೆಂಟಿರಲಿಲ್ಲ. ಡಾಕ್ಟರರು ರಾತ್ರಿ ರಾತ್ರಿ ಎದ್ದು ಕೈದೀಪ ಹಿಡಿದು ಎರಡು ಮಾಪಕಗಳನ್ನೂ ನೋಡಿ ಬರುತ್ತಿದ್ದರು. ಹಿಂದಿನದು ಇಳಿಯುತ್ತಲೇ ಇದ್ದಿತು, ೧೨.೫, ೧೨.೧, ಕೊನೆಗೆ ೧೧.೮. ಮೂರನೆಯ ರಾತ್ರಿ ಶೀತಕಪೆಟ್ಟಿಗೆ ತಾನಾಗಿಯೇ ನಿಂತಿತು; ಈ ಸಾರಿ ಅದರ ಮಿತಿಯ ಗುಂಡಿಯನ್ನು ಡಾಕ್ಟರರು ಮುಟ್ಟಿರಲಿಲ್ಲ. ಮುಂದಿನದರ ಮಾಪಕ ಮೊದಲ ಸಂಜೆ ೧೨.೭ಕ್ಕೆ ಬಂದು ನಿಂತುದು ಅಲ್ಲಿಂದ ಕದಲಲಿಲ್ಲ. ನಾಲ್ಕನೆಯ ಬೆಳಗ್ಗೆ ದಾರಿ ತೆರೆದಿದೆಯೆಂದು ಸುದ್ದಿ ಬಂದಾಗ ಅವರು ಕೀಲಿಯನ್ನು ತಿರುಗಿಸಿದರು. ಜೀಪು ಒಡನೆಯೇ ಎದ್ದಿತು. ಆ ದಿನ ಯಾರನ್ನೂ ಆಸ್ಪತ್ರೆಗೆ ಒಯ್ಯಬೇಕಾಗಿರಲಿಲ್ಲ. ಅದನ್ನು ಕಂಡು ಯಾರೂ ಬೆರಗಾಗಲಿಲ್ಲ. ಡಾಕ್ಟರರು ಮಾತ್ರ ಚಕ್ರದ ಮೇಲೆ ಎರಡು ಕೈಗಳನ್ನೂ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದರಂತೆ.

ಈ ಸಂಧಿವಿಗ್ರಹಿಯು ಎಲ್ಲ ಆಸ್ಥಾನಗಳಿಗೂ ಸಲ್ಲುವವನಲ್ಲವೆಂಬುದನ್ನೂ ಹೇಳಬೇಕು. ೨೦೨೧ರಲ್ಲಿ ಡಾಕ್ಟರರ ಮಗಳು ಹೊಸ ವಾಹನವೊಂದನ್ನು ಕೊಂಡಾಗ ಅದಕ್ಕೂ ಇಂತಹದೊಂದನ್ನು ಹಾಕಿಕೊಡಬೇಕೆಂದು ಕೇಳಿದಳು. ಮಿಸ್ತ್ರಿಯು ಮಾಪಕವನ್ನು ಹಿಡಿದು ನೋಡಿ ತಲೆಯಾಡಿಸಿದರು. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಬಂದ ಅನೇಕ ವಾಹನಗಳಲ್ಲಿ ಇಂಧನವನ್ನು ಉಳಿಸುವುದಕ್ಕಾಗಿ ಆಲ್ಟರ್ನೇಟರು ಬೇಕಾದಾಗ ಮಾತ್ರ ದುಡಿಯುವುದು. ಓಡುತ್ತಿರುವಾಗಲೂ ಅಂಕಿ ೧೨.೫ಕ್ಕೆ ಇಳಿದಿರಬಹುದು. ೧೩.೩ಕ್ಕಾಗಿ ಕಾಯುವ ರಿಲೇ ಅಲ್ಲಿ ಆದಾಯವಿದ್ದರೂ ಇಲ್ಲವೆಂದು ತಿಳಿದು ಬಾಗಿಲನ್ನು ಮುಚ್ಚಿಬಿಡುವುದು. ಹಿಂದಿನದು ಲಿಥಿಯಂ ಜಾತಿಯ ಬ್ಯಾಟರಿಯಾದರೆ ಮತ್ತೊಂದು ತೊಡಕು. ಅದು ಬಾಗಿಲು ತೆರೆದೊಡನೆ ಆಲ್ಟರ್ನೇಟರಿನ ಶಕ್ತಿಗೆ ಮೀರಿ ಬಾಚಿಕೊಳ್ಳಬಲ್ಲುದು. ಅಂತಹ ಕಡೆ ಸಿಕ್ಕಿದ ವೋಲ್ಟನ್ನು ತಾನೇ ಏರಿಸಿ ಅಥವಾ ಇಳಿಸಿ, ಮಿತವಾದ ಪ್ರವಾಹವನ್ನು ಅಳೆದು ಕೊಡುವ ಡಿಸಿ-ಡಿಸಿ ಚಾರ್ಜರು ಎಂಬ ಬೇರೆ ಉಪಕರಣ ಬೇಕು. ಮಗಳು ಅದನ್ನೇ ಹಾಕಿಸಿಕೊಂಡಳು. ಕಾಲ ಬದಲಾದಂತೆ ಮಂತ್ರಿಯೂ ಬದಲಾಗಬೇಕೆಂಬುದು ರಾಜನೀತಿಗೆ ವಿರುದ್ಧವೇನೂ ಅಲ್ಲ.

ಹಳೆಯ ಜೀಪಿನ ಯಂತ್ರಕ್ಕೆ ಕಲಿಸಿದ ಪಾಠವನ್ನು ಡಾಕ್ಟರರು ತಾವು ಕಲಿಯಲು ಇನ್ನೂ ಕೆಲವು ವರ್ಷಗಳು ಹಿಡಿದುವು. ಯಾರು ಯಾವ ಹೊತ್ತಿನಲ್ಲಿ ಕರೆದರೂ ಎದ್ದು ಹೋಗುವುದು ಅವರ ವ್ರತ. ಊಟ ನಿದ್ರೆಗಳು ಆಮೇಲೆ. ೨೦೨೨ರಲ್ಲಿ ಒಂದು ಸಂಜೆ ಅವರು ಕೊಟ್ಟಿಗೆಯೊಂದರಲ್ಲಿ ಎಮ್ಮೆಯ ಮಗ್ಗುಲಲ್ಲಿಯೇ ಕುಸಿದು ಬಿದ್ದರು. ದೊಡ್ಡ ಕಾಯಿಲೆಯಲ್ಲ, ಬಳಲಿಕೆಯೆಂದು ವೈದ್ಯರು ಹೇಳಿದರು. ಅಂದಿನಿಂದ ಮನೆಯಾಕೆ ತಾವೇ ಬಾಗಿಲಲ್ಲಿ ನಿಂತರು. ಬೆಳಗಿನ ಹೊತ್ತು ಬಂದವರಿಗೆ ಬಾಗಿಲು ಪೂರ್ತಿ ತೆರೆದಿರುವುದು. ಮಧ್ಯಾಹ್ನದ ಮೇಲೆ ಬಂದವರನ್ನು ಅವರು ಜಗುಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಒಳಗೆ ಮಲಗಿರುವವರ ಮುಖವನ್ನೊಮ್ಮೆ ನೋಡಿ ಬಂದು, ‘ಈಗ ಅಂಕಿ ಇಳಿದಿದೆ, ನಾಳೆ ಬೆಳಗ್ಗೆ ಬನ್ನಿ’ ಎನ್ನುವರು. ಬಂದವರಿಗೆ ಅರ್ಥವಾಗದಿದ್ದರೂ ಅವರು ಮರುದಿನ ಬರುವರು. ನಿಜವಾದ ಅಪಾಯದ ಕರೆ ಬಂದಾಗ ಆಕೆ ತಡೆಯುವುದಿಲ್ಲ, ಎಬ್ಬಿಸಿ ಕಳುಹಿಸುವರು. ಹಾಗೆ ಕಳುಹಿಸುವುದಕ್ಕಾಗಿಯೇ ಉಳಿದ ಹೊತ್ತು ಕಾಯುತ್ತಿರುವರು. ಮೊದಮೊದಲು ಡಾಕ್ಟರರಿಗೆ ಇದು ಜಿಪುಣತನವಾಗಿ ತೋರಿತು. ಕಂಡವರಿಗೆಲ್ಲ ಕೊಟ್ಟು ಬರಿದಾಗುವುದು ದಾನವೆಂದು ತಿಳಿದು ಬೆಳೆದವರು ಅವರು. ಆದರೆ ಬರಿದಾದ ಬೆಳಗ್ಗೆ ಕರೆ ಬಂದಾಗ ಆ ದಾನ ಯಾರ ಬೆರಳನ್ನು ತೆಗೆದುಕೊಳ್ಳುವುದೆಂಬುದನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆ ಹುಡುಗ ಈಗ ಯುವಕ. ನಾಲ್ಕೇ ಬೆರಳಿನ ಬಲಗೈಯಿಂದ ತಿರುಪುಳಿಯನ್ನು ಹಿಡಿಯುವುದನ್ನು ಅಭ್ಯಾಸಮಾಡಿಕೊಂಡು ಮಿಸ್ತ್ರಿಯ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಬೇಸಗೆಯಲ್ಲಿ ಲಸಿಕೆಯ ಕಾಲ ಬಂದಾಗ ಡಾಕ್ಟರರ ಜೀಪನ್ನು ನಡೆಸುವವನು ಅವನೇ. ಬೆಳಗ್ಗೆ ಎಂಜಿನ್ನು ಎದ್ದ ಕೂಡಲೆ ಹೊರಡುವ ಪದ್ಧತಿ ಅವರಲ್ಲಿಲ್ಲ. ಇಬ್ಬರೂ ಮಾತನಾಡದೆ ಕಿವಿಗೊಟ್ಟು ಕುಳಿತಿರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಾನೆಟ್ಟಿನ ಕೆಳಗಿನಿಂದ ‘ಟಕ್’ ಎಂಬ ಸಣ್ಣ ಸದ್ದು ಕೇಳಿಬರುವುದು. ‘ಸಂಧಿಯಾಯಿತು’ ಎಂದು ಡಾಕ್ಟರರು ಹೇಳುವರು. ಹುಡುಗ ಗೇರು ಹಾಕುವನು.